ದೋಣಿಯಲ್ಲಿ ಬಂದವರ ಅರ್ಜಿ ಬರೆದುಕೊಟ್ಟ ದಿನಗಳು

2017ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಆಗಿನ ವಲಸೆ ಸಚಿವ ಪೀಟರ್ ಡಟ್ಟನ್ ಒಂದು ಗಡುವು ಹಾಕಿದರು. ದೋಣಿಯಲ್ಲಿ ಬಂದು, ಇನ್ನೂ ಆಶ್ರಯದ ಅರ್ಜಿ ಹಾಕದೇ ಇರುವವರು ಅಕ್ಟೋಬರ್ 1ರೊಳಗೆ ಹಾಕಬೇಕು. ಇಲ್ಲವಾದರೆ ಸರ್ಕಾರ ಕೊಡುವ ಖರ್ಚಿನ ಹಣ ನಿಲ್ಲುತ್ತೆ, ಅರ್ಜಿ ಹಾಕುವ ಅವಕಾಶವೂ ಹೋಗುತ್ತೆ, ದೇಶ ಬಿಡಬೇಕಾಗುತ್ತೆ. ಹೀಗೆ ಬಾಕಿ ಉಳಿದವರು ಸುಮಾರು 7,500 ಮಂದಿ. ಸಚಿವರ ಬಾಯಲ್ಲಿ ನಕಲಿ ನಿರಾಶ್ರಿತರು ಅನ್ನೋ ಮಾತು ಬಂತು. ಮರುದಿನ ಆಫೀಸಿನ ಕ್ಯಾಂಟೀನಲ್ಲೂ ಅದೇ ಮಾತು. ಇಷ್ಟು ವರ್ಷ ಸುಮ್ನೆ ಕೂತು ತಿಂದಿದ್ದಾರೆ, ಅರ್ಜಿ ಹಾಕೋಕೆ ಏನು ಕಷ್ಟ?

ಏನು ಕಷ್ಟ ಅನ್ನೋದು ನನಗೆ ಹತ್ತಿರದಿಂದ ಗೊತ್ತಿತ್ತು. ಅದಕ್ಕೂ ಮುಂಚಿನಿಂದಲೇ ನಾನು ಶನಿವಾರಗಳಂದು ಮೆಲ್ಬರ್ನ್‌ನ ಒಂದು ಕಾನೂನು ನೆರವು ಕೇಂದ್ರಕ್ಕೆ ಹೋಗಿ ಇವರ ಅರ್ಜಿ ಬರೆದುಕೊಡುತ್ತಿದ್ದೆ.

ನಾನು ಕೆಜಿಎಫ್‌ನವಳು. ಮನೆಯಲ್ಲಿ ಕನ್ನಡ, ಬೀದಿಗೆ ಕಾಲಿಟ್ಟರೆ ತಮಿಳು. ಇಲ್ಲಿ ಲೆಕ್ಕಪತ್ರದ ಕೆಲಸ. ಕೇಂದ್ರದವರು ತಮಿಳು ಗೊತ್ತಿರುವವರು ಬೇಕು ಅಂದಾಗ ಹೆಸರು ಕೊಟ್ಟೆ. ಮೊದಲು ಒಂದು ತರಬೇತಿ ಇತ್ತು. ಅದರಲ್ಲಿ ಹೇಳಿಕೊಟ್ಟದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಏನು ಮಾಡಬಾರದು ಅನ್ನೋದೇ. ಇಲ್ಲಿನ ಕಾನೂನಿನ ಪ್ರಕಾರ ವಕೀಲರು ಅಥವಾ ನೋಂದಾಯಿತ ಏಜೆಂಟರು ಬಿಟ್ಟು ಬೇರೆ ಯಾರೂ ವಲಸೆಯ ಬಗ್ಗೆ ಸಲಹೆ ಕೊಡುವಂತಿಲ್ಲ. ನಮ್ಮಂಥವರು ಪ್ರಶ್ನೆ ಓದಬಹುದು, ಅವರು ಹೇಳಿದ್ದನ್ನ ಟೈಪ್ ಮಾಡಬಹುದು, ಅಷ್ಟೇ. ಅಧಿಕೃತ ದುಭಾಷಿ ಫೋನಿನಲ್ಲಿ ಇರುತ್ತಾರೆ. ನನ್ನ ತಮಿಳು ಇದ್ದದ್ದು ಟೀ ಕೊಟ್ಟು ಮಾತಾಡಿಸೋದಕ್ಕೆ, ಮುಂದಿನ ಸಲ ಯಾವ ಕಾಗದ ತರಬೇಕು ಅಂತ ಹೇಳೋದಕ್ಕೆ. ನಮ್ಮ ವಕೀಲೆ ಮೊದಲ ದಿನವೇ ಹೇಳಿದ್ದರು: "ಅವರು ಹೇಳಿದ ಹಾಗೇ ಬರೀರಿ. ಚಂದ ಮಾಡೋಕೆ ಹೋಗಬೇಡಿ."

ನನ್ನ ಪಾಲಿಗೆ ಮೊದಲು ಬಂದವನು ಉತ್ತರ ಶ್ರೀಲಂಕಾದ ಒಬ್ಬ ಮೀನುಗಾರ. ಮೂವತ್ತರ ಆಸುಪಾಸು. ನನ್ನನ್ನ ಅಕ್ಕಾ ಅಂದ, ನಾನು ತಂಬಿ ಅಂದೆ. 2012ರ ಕೊನೆಯಲ್ಲಿ ಮೀನು ಹಿಡಿಯುವ ಬೋಟಿನಲ್ಲಿ ಹೊರಟು, ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಕೋಕೋಸ್ ದ್ವೀಪಕ್ಕೆ ಬಂದವನು. ಅಲ್ಲಿಂದ ಕ್ರಿಸ್ಮಸ್ ದ್ವೀಪ, ಆಮೇಲೆ ಡಾರ್ವಿನ್‌ನ ಡಿಟೆನ್ಷನ್ ಸೆಂಟರ್, ಕೊನೆಗೆ ಬ್ರಿಡ್ಜಿಂಗ್ ವೀಸಾ ಅನ್ನೋ ತಾತ್ಕಾಲಿಕ ವೀಸಾ ಕೊಟ್ಟು ಹೊರಗೆ ಬಿಟ್ಟರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರ ಮೇಲೆ ಮೂರು ಇಂಗ್ಲಿಷ್ ಅಕ್ಷರ, ಮೂರು ಅಂಕಿ. ಅದು ಅವನ ಬೋಟ್ ನಂಬರ್. ಮೂರು ಅಕ್ಷರ ಬೋಟಿಗೆ, ಅಂಕಿ ಮನುಷ್ಯನಿಗೆ. ಹೆಸರು ಕೇಳಿದರೆ ಮೊದಲು ಆ ನಂಬರನ್ನೇ ಹೇಳಿದ. ಸೆಂಟರಿನಲ್ಲಿ ಅದನ್ನೇ ಕೂಗುತ್ತಿದ್ದರಂತೆ.

ಈಗ ಆ ಪ್ರಶ್ನೆಗೆ ಬರ್ತೀನಿ. 2012ರಲ್ಲಿ ಬಂದವನು 2016ರವರೆಗೆ ಯಾಕೆ ಅರ್ಜಿ ಹಾಕಲಿಲ್ಲ? ಹಾಕಲು ಬಿಡಲಿಲ್ಲ, ಅದಕ್ಕೆ. ದೋಣಿಯಲ್ಲಿ ಬಂದವರು ತಾವಾಗಿ ಅರ್ಜಿ ಹಾಕುವಂತಿಲ್ಲ. ಸಚಿವರು ಅನುಮತಿ ಕೊಟ್ಟು ಪತ್ರ ಕಳಿಸಬೇಕು. 2012ರ ಆಗಸ್ಟ್ 13ರಂದು ಜೂಲಿಯಾ ಗಿಲ್ಲಾರ್ಡ್ ಸರ್ಕಾರ ಹೊಸ ನೀತಿ ತಂದಿತು. ಅವತ್ತಿನ ನಂತರ ದೋಣಿಯಲ್ಲಿ ಬಂದವರನ್ನ ನೌರು ಅನ್ನೋ ಪುಟ್ಟ ದ್ವೀಪದೇಶಕ್ಕೆ ಅಥವಾ ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೆ ಕಳಿಸಬಹುದು. ಇಲ್ಲೇ ಉಳಿದವರ ಅರ್ಜಿಗೂ ಯಾವ ಅವಸರವಿಲ್ಲ. ಹೊರಗೆ ಬಿಟ್ಟರೂ ಕೆಲಸ ಮಾಡುವ ಹಕ್ಕಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಟೋನಿ ಆಬಟ್ ದೋಣಿ ನಿಲ್ಲಿಸ್ತೀನಿ ಅಂತಲೇ ಚುನಾವಣೆ ಗೆದ್ದು ಬಂದರು. ನೌಕಾಪಡೆ ದೋಣಿಗಳನ್ನ ಸಮುದ್ರದಲ್ಲೇ ತಿರುಗಿಸತೊಡಗಿತು. 2014ರ ಡಿಸೆಂಬರ್‌ನಲ್ಲಿ ಸಂಸತ್ತು ಇನ್ನೊಂದು ಕಾನೂನು ಮಾಡಿತು. ಇಲ್ಲಿರುವ ಸುಮಾರು 30 ಸಾವಿರ ಮಂದಿ ನಿಜವಾದ ನಿರಾಶ್ರಿತರು ಅಂತ ಸಾಬೀತಾದರೂ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ವೀಸಾ, ಇಲ್ಲ. ಮೂರು ವರ್ಷದ ಒಂದು ವೀಸಾ, ಇಲ್ಲವೇ ಐದು ವರ್ಷದ ಒಂದು ವೀಸಾ. ಅಷ್ಟೇ.

ಅಂದರೆ ನಾಲ್ಕು ವರ್ಷ ಬಾಗಿಲು ಹಾಕಿದ್ದವರು ಸರ್ಕಾರದವರು. ಬಾಗಿಲು ತೆಗೆದ ಮೇಲೆ ಬೇಗ ಬನ್ನಿ ಅಂದವರೂ ಅವರೇ. ನಡುವೆ 2014ರ ಮಾರ್ಚ್ ಕೊನೆಗೆ, ದೋಣಿಯಲ್ಲಿ ಬಂದವರಿಗೆ ಸರ್ಕಾರದ ಖರ್ಚಿನಲ್ಲಿ ಸಿಗುತ್ತಿದ್ದ ವಕೀಲರ ನೆರವನ್ನೂ ಹೆಚ್ಚುಕಡಿಮೆ ನಿಲ್ಲಿಸಿದರು. ಹಾಗಾಗಿ ಉಳಿದದ್ದು ನಮ್ಮಂಥ ಕೇಂದ್ರಗಳು. ಅಲ್ಲಿ ಸಂಬಳವಿಲ್ಲದೆ ಬರುವ ವಕೀಲರು, ಮತ್ತೆ ಟೈಪ್ ಮಾಡುವ ನಾವು. ಕಾಯುವವರ ಪಟ್ಟಿ ತಿಂಗಳುಗಟ್ಟಲೆ ಉದ್ದ ಇತ್ತು. ಕ್ಯಾಂಟೀನಿನವರು ಸೋಮಾರಿತನ ಅಂದುಕೊಂಡದ್ದು ಈ ಪಟ್ಟಿಯನ್ನ.

ಫಾರ್ಮ್ ಪೂರ್ತಿ ಇಂಗ್ಲಿಷಿನಲ್ಲಿ. ಉತ್ತರವೂ ಇಂಗ್ಲಿಷಿನಲ್ಲೇ ಇರಬೇಕು. ನಾವು ಅತಿ ಹೆಚ್ಚು ಹೊತ್ತು ಕೂತದ್ದು ವಿಳಾಸದ ಪುಟದಲ್ಲಿ. ವಾಸವಿದ್ದ ಪ್ರತಿಯೊಂದು ವಿಳಾಸ ಬರೀಬೇಕು. ಮನೆ ನಂಬರ್, ರಸ್ತೆ, ಊರು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ.

"ತಂಬಿ, 2009ರ ಜನವರಿಯಲ್ಲಿ ಎಲ್ಲಿದ್ದೆ?"

"ಕಿಳಿನೊಚ್ಚಿ ಬಿಟ್ಟಾಗಿತ್ತು ಅಕ್ಕಾ. ಒಂದು ಶಾಲೆ ಹಿಂದೆ ಟಾರ್ಪಾಲ್ ಕಟ್ಟಿಕೊಂಡಿದ್ದೆವು."

"ಆಮೇಲೆ?"

"ವಿಶುವಮಡು. ಅಲ್ಲಿ ನಾಲ್ಕೋ ಐದೋ ದಿನ. ಶೆಲ್ ಬಿತ್ತು. ಮತ್ತೆ ಮುಂದೆ ಹೋದೆವು."

"ಮುಂದೆ ಅಂದರೆ ಯಾವ ಊರು?"

"ಊರಲ್ಲ ಅಕ್ಕಾ. ತೆಂಗಿನ ತೋಪು."

ಫಾರ್ಮಿನ ಚೌಕದಲ್ಲಿ ತೆಂಗಿನ ತೋಪಿಗೆ ಜಾಗ ಇರಲಿಲ್ಲ. ಕೊನೆಗೆ ಒಂದು ಬಿಳಿ ಹಾಳೆ ಕೊಟ್ಟೆ. ಅವನು ಗೆರೆ ಎಳೆದ. ಪರಂತನ್‌ನಿಂದ ಮುಲ್ಲೈತೀವು ಕಡೆ ಹೋಗುವ ರಸ್ತೆ. ಅದರ ಉದ್ದಕ್ಕೂ ಚುಕ್ಕೆ ಇಡುತ್ತಾ ಹೋದ. ಪುದುಕ್ಕುಡಿಯಿರುಪ್ಪು ದಾಟಿದ ಮೇಲೆ ಚುಕ್ಕೆಗಳು ಒಂದರ ಪಕ್ಕ ಒಂದು ಬಿದ್ದವು. ಒಂದು ಕಡೆ ನಂದಿಕಡಲ್ ಹಿನ್ನೀರು, ಇನ್ನೊಂದು ಕಡೆ ಸಮುದ್ರ, ನಡುವೆ ಮುಳ್ಳಿವಾಯ್ಕಾಲ್ ಅನ್ನೋ ಮರಳಿನ ಪಟ್ಟಿ. ಶ್ರೀಲಂಕಾ ಸೈನ್ಯಕ್ಕೂ ಎಲ್‌ಟಿಟಿಇಗೂ ನಡೆದ ಯುದ್ಧದ ಕೊನೆಯ ವಾರಗಳಲ್ಲಿ ಲಕ್ಷಾಂತರ ಜನ ಸಿಕ್ಕಿಹಾಕಿಕೊಂಡದ್ದು ಅಲ್ಲಿ. ಮರಳಲ್ಲಿ ಗುಂಡಿ ತೋಡಿ ಕೂತಿದ್ದರಂತೆ. ಅಮ್ಮನ ಸೀರೆಗಳನ್ನ ಹರಿದು ಚೀಲ ಹೊಲಿದು, ಮರಳು ತುಂಬಿ, ಗುಂಡಿಯ ಸುತ್ತ ಇಟ್ಟಿದ್ದರಂತೆ. "ಕೂರೈ ಸೀರೆ ಕೂಡ," ಅಂದ. ಮದುವೆ ಸೀರೆ. 2009ರ ಮೇನಲ್ಲಿ ಯುದ್ಧ ಮುಗಿದ ಮೇಲೆ ವವುನಿಯಾ ಹತ್ತಿರದ ಮೆನಿಕ್ ಫಾರ್ಮ್ ಕ್ಯಾಂಪು. ಆ ಕ್ಯಾಂಪಿಗೆ ಮಾತ್ರ ಸರಿಯಾದ ವಿಳಾಸ ಇತ್ತು, ಬ್ಲಾಕ್ ನಂಬರ್ ಸಮೇತ.

ಆ ನಕ್ಷೆಯನ್ನ ಹಾಗೇ ಅರ್ಜಿಗೆ ಲಗತ್ತಿಸೋಣ ಅಂದರು ವಕೀಲೆ. ಲಗತ್ತಿಸಿದೆವು.

ಇನ್ನೊಂದು ಕಗ್ಗಂಟು ಇತ್ತು. ಬಂದ ಹೊಸದರಲ್ಲಿ ಅಧಿಕಾರಿಗಳು ಪ್ರತಿಯೊಬ್ಬರಿಗೂ ಒಂದು ಚಿಕ್ಕ ಸಂದರ್ಶನ ಮಾಡಿರುತ್ತಾರೆ. ಅವನು ಅಲ್ಲಿ ತನ್ನ ಅಣ್ಣನ ವಿಷಯ ಹೇಳಿರಲಿಲ್ಲ. ಎಲ್‌ಟಿಟಿಇಯವರು ಮನೆಗೊಬ್ಬರಂತೆ ಎಳೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಅಣ್ಣನನ್ನ ಕರೆದೊಯ್ದಿದ್ದರು. ಯುದ್ಧ ಮುಗಿದ ಮೇಲೆ ಸೈನ್ಯದವರು ಇವನ ಮನೆಗೆ ಬರತೊಡಗಿದ್ದೇ ಆ ಕಾರಣಕ್ಕೆ. ಅಂದರೆ ಅವನ ಅರ್ಜಿಯ ಜೀವಾಳವೇ ಅದು. ಹೇಳದೇ ಇದ್ದದ್ದು ಯಾಕೆ? ಆಗ ಇಲ್ಲಿನ ಗುಪ್ತಚರ ಸಂಸ್ಥೆ ಅಪಾಯ ಅಂತ ಗುರುತು ಹಾಕಿದ ಕೆಲವು ಡಜನ್ ನಿರಾಶ್ರಿತರನ್ನ ವರ್ಷಗಟ್ಟಲೆ ಬಂಧನದಲ್ಲಿಟ್ಟಿದ್ದರು. ಹೆಚ್ಚಿನವರು ಶ್ರೀಲಂಕಾ ತಮಿಳರು. ಯಾಕೆ ಅಪಾಯ ಅಂತ ಅವರಿಗೆ ಹೇಳಿರಲೂ ಇಲ್ಲ. ಈ ಸುದ್ದಿ ಬೋಟಿನಲ್ಲೇ ಎಲ್ಲರಿಗೂ ಗೊತ್ತಿತ್ತು. ಸಮುದ್ರದಲ್ಲಿ ವಾಂತಿ ಮಾಡಿಕೊಂಡು ಬಂದು ಇಳಿದವನು ಮೊದಲ ದಿನವೇ ಎಲ್‌ಟಿಟಿಇ ಅನ್ನೋ ಹೆಸರು ಎತ್ತುತ್ತಾನಾ? ಆದರೆ ಅಧಿಕಾರಿ ಕೇಳೋದು ಒಂದೇ: ಅವತ್ತು ಯಾಕೆ ಹೇಳಲಿಲ್ಲ, ಈಗ ಯಾಕೆ ಹೇಳ್ತಿದ್ದೀಯಾ? ಎಷ್ಟೋ ಅರ್ಜಿಗಳು ಈ ಒಂದು ಪ್ರಶ್ನೆಯಲ್ಲೇ ಬಿದ್ದುಹೋದವು. ನಾವು ಅವನ ಭಯವನ್ನ ಅವನ ಮಾತಿನಲ್ಲೇ, ಅರ್ಜಿಯ ಮೊದಲ ಪುಟದಲ್ಲೇ ಬರೆದೆವು.

ಅವನ ಅರ್ಜಿ ಬರೆದ ವರ್ಷವೇ ನಮ್ಮ ಕನ್ನಡದವರ ಯುಗಾದಿ ಊಟದಲ್ಲಿ ನನ್ನ ಈ ಕೆಲಸದ ಮಾತು ಬಂತು. ಹಿರಿಯರೊಬ್ಬರು, ನನ್ನ ಮೇಲೆ ಅಭಿಮಾನ ಇರುವವರೇ, ಹೋಳಿಗೆ ಬಡಿಸಿಕೊಳ್ಳುತ್ತಾ ಹೇಳಿದರು: "ನೋಡಮ್ಮ, ನಾವೆಲ್ಲ ಪಾಯಿಂಟ್ಸ್ ಸೇರಿಸಿ, ಐಇಎಲ್‌ಟಿಎಸ್ ಬರೆದು, ಮೆಡಿಕಲ್ ಮಾಡಿಸಿ, ದುಡ್ಡು ಕಟ್ಟಿ ಬಂದವರು. ಇವರು ಕ್ಯೂ ಮುರಿದು ಬಂದವರು. ಅವರಿಗೆ ನೀನು ಸಹಾಯ ಮಾಡೋದು ಸರಿಯಾ?"

ಇದು ಅವರೊಬ್ಬರ ಮಾತಲ್ಲ. ಇಲ್ಲಿನ ಭಾರತೀಯರಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಆದ್ದರಿಂದ ಗೌರವದಿಂದಲೇ ಉತ್ತರ ಕೊಡಬೇಕು. ನಾವು ನಿಂತ ಕ್ಯೂ ಬೇರೆ, ಅಂಕಲ್. ನಾವು ಕೆಲಸಕ್ಕೆ ಬಂದವರು. 2012–13ರಲ್ಲಿ ಈ ದೇಶ 1,90,000 ಜನರಿಗೆ ಕಾಯಂ ವಲಸೆಯ ಜಾಗ ಇಟ್ಟಿತ್ತು. ಅದರಲ್ಲಿ ಸುಮಾರು 40 ಸಾವಿರ ಭಾರತೀಯರಿಗೇ ಸಿಕ್ಕಿತು, ಎಲ್ಲ ದೇಶಗಳಿಗಿಂತ ಹೆಚ್ಚು. ದೋಣಿಯಲ್ಲಿ ಬಂದವರಿಂದ ಅದರಲ್ಲಿ ಒಂದು ಜಾಗವೂ ಕಮ್ಮಿಯಾಗಲಿಲ್ಲ. ನಿರಾಶ್ರಿತರಿಗೆ ಇಟ್ಟ ಜಾಗದ ಲೆಕ್ಕವೇ ಬೇರೆ. ಅಲ್ಲಿ ಮಾತ್ರ ಒಂದು ನಿಜ ಇದೆ. ಇಲ್ಲಿಗೆ ಬಂದು ಆಶ್ರಯ ಪಡೆದ ಒಬ್ಬೊಬ್ಬರಿಗೂ ಹೊರದೇಶದ ಕ್ಯಾಂಪುಗಳಿಂದ ಕರೆಸಿಕೊಳ್ಳುವ ಒಂದೊಂದು ಜಾಗ ಕಳೆಯುವ ಪದ್ಧತಿ ಇತ್ತು. ಹಾಗೆ ಎರಡನ್ನೂ ಗಂಟು ಹಾಕಿದ್ದು 1996ರಲ್ಲಿ ಜಾನ್ ಹೊವಾರ್ಡ್ ಸರ್ಕಾರ. ಅದನ್ನ ಬಿಚ್ಚಬಹುದಿತ್ತು.

ಇನ್ನು ಕ್ಯೂ ಅಂದರೆ ಅದು ಎಲ್ಲಿ ಶುರುವಾಗುತ್ತೆ? ಯುದ್ಧ ನಡೆದ ಉತ್ತರ ಶ್ರೀಲಂಕಾದ ವನ್ನಿ ಪ್ರದೇಶದಲ್ಲಿ ವೀಸಾ ಆಫೀಸು ಇರಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯವರೇ ಕಿಳಿನೊಚ್ಚಿ ಬಿಟ್ಟು ಹೊರಟುಹೋದರು. ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕೆ ಹೀಗೆ ಬೇರೆ ದೇಶದಲ್ಲಿ ನೆಲೆ ಸಿಗೋದು. ತಮಿಳುನಾಡಿನ ಕ್ಯಾಂಪುಗಳಲ್ಲಿ 1980ರ ದಶಕದಿಂದ ಕೂತವರಿದ್ದಾರೆ, ಅವರ ಮೊಮ್ಮಕ್ಕಳು ಅಲ್ಲೇ ಹುಟ್ಟಿದ್ದಾರೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಸ್ಟ್ರೇಲಿಯಾ ಹಾಕಿದೆ. ಜೀವಭಯದಿಂದ ಓಡಿಬಂದವರನ್ನ ಅಕ್ರಮವಾಗಿ ಬಂದರು ಅಂತ ಶಿಕ್ಷಿಸಬಾರದು ಅನ್ನೋದು ಅದರಲ್ಲೇ ಇದೆ. ನಮ್ಮ ರಾಜ್ಯಕ್ಕೂ ಇದು ದೂರದ ಕಥೆಯಲ್ಲ. 2021ರ ಜೂನ್‌ನಲ್ಲಿ ಮಂಗಳೂರು ಪೊಲೀಸರು 38 ಶ್ರೀಲಂಕನ್ನರನ್ನ ಹಿಡಿದರು. ಕೆನಡಾಕ್ಕೆ ಕಳಿಸ್ತೀವಿ ಅಂತ ಏಜೆಂಟರು ಅವರಿಂದ ದುಡ್ಡು ತಗೊಂಡಿದ್ದರು. ಅದೇ ನಮ್ಮ ರಾಜ್ಯ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟು ಕೂರಿಸಿತ್ತು.

ಅಂಕಲ್ ಪೂರ್ತಿ ಒಪ್ಪಲಿಲ್ಲ. ಆದರೆ ಹೋಗುವಾಗ ಆ ಹುಡುಗನಿಗೆ ಕೊಡು ಅಂತ ಒಂದು ಡಬ್ಬಿ ಹೋಳಿಗೆ ಕಟ್ಟಿಸಿದರು.

ನನಗೆ ನಿಜವಾಗಿ ಕಷ್ಟವಾದದ್ದು ಆಫೀಸಿನ ಗೆಳತಿಯ ಮಾತು. ಆಕೆ ಇಲ್ಲೇ ಹುಟ್ಟಿ ಬೆಳೆದವಳು, ಮೃದು ಮನಸ್ಸಿನವಳು. "ದೋಣಿಗೆ ಬಾಗಿಲು ತೆಗೆದರೆ ಜನ ಮುಳುಗಿ ಸಾಯ್ತಾರೆ. ಅದಕ್ಕಿಂತ ತಡೆಯೋದೇ ಮೇಲಲ್ವಾ?" ಅಂದಳು. ಇದನ್ನ ತಳ್ಳಿಹಾಕೋಕೆ ಆಗೋದಿಲ್ಲ. 2001ರ ಅಕ್ಟೋಬರ್‌ನಲ್ಲಿ ಒಂದೇ ದೋಣಿ ಮುಳುಗಿ 353 ಜನ ಸತ್ತರು. 2010ರ ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ದ್ವೀಪದ ಬಂಡೆಗೆ ಒಂದು ದೋಣಿ ಬಡಿದು ಸುಮಾರು 50 ಜನ ಹೋದರು. ದಡದಲ್ಲಿದ್ದವರ ಕಣ್ಣೆದುರೇ. ಟೀವಿಯಲ್ಲಿ ನೋಡಿದ ಆ ದೃಶ್ಯ ಈ ದೇಶದ ಜನರ ಮನಸ್ಸನ್ನ ಬಹಳ ಬದಲಿಸಿತು. 2012ರಲ್ಲಿ 17 ಸಾವಿರ, 2013ರಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಬಂದರು. ದಾರಿಯಲ್ಲಿ ಸತ್ತವರೂ ಹೆಚ್ಚಾದರು. ದೋಣಿಗಳು ನಿಂತದ್ದು, ಸಾವು ನಿಂತದ್ದು ಎರಡೂ ನಿಜ.

ಆದರೆ ನನ್ನ ಎದುರು ಕೂತಿದ್ದವನು ಆಗಲೇ ಬಂದು ಸೇರಿದವನು. 2014ರ ಹೊತ್ತಿಗೆ ದೋಣಿಗಳು ಹೆಚ್ಚುಕಡಿಮೆ ನಿಂತೇ ಹೋಗಿದ್ದವು, ತಿರುಗಿಸುವ ಕೆಲಸ ಸಮುದ್ರದಲ್ಲಿ ನಡೆಯುತ್ತಿತ್ತು. ಇಲ್ಲಿರುವವನಿಗೆ ಹೆಂಡತಿ ಮಗುವನ್ನ ಕರೆಸಿಕೊಳ್ಳಬೇಡ ಅಂದರೆ, ಐದು ವರ್ಷಕ್ಕೊಮ್ಮೆ ನೀನು ಇನ್ನೂ ನಿರಾಶ್ರಿತನೇ ಅಂತ ಸಾಬೀತು ಮಾಡು ಅಂದರೆ, ಸಮುದ್ರದಲ್ಲಿ ಯಾರ ಜೀವ ಉಳಿಯುತ್ತೆ? ಮುಂದೆ ಬರುವವರಿಗೆ ಪಾಠ ಆಗಲಿ ಅಂತ ಬಂದವರನ್ನ ಶಿಕ್ಷೆಯಲ್ಲಿಡೋದು ನನಗೆ ಅನ್ಯಾಯ ಅಂತಲೇ ಕಾಣುತ್ತೆ. ಅವತ್ತೂ ಹೇಳಿದೆ, ಈಗಲೂ ಹೇಳ್ತೀನಿ.

ಹೀಗೇ ಇರಬೇಕು ಅಂತೇನೂ ಇರಲಿಲ್ಲ. 1976ರ ಏಪ್ರಿಲ್‌ನಲ್ಲಿ ಐದು ಜನ ವಿಯೆಟ್ನಾಮಿನ ಹುಡುಗರು ಒಂದು ಚಿಕ್ಕ ದೋಣಿಯಲ್ಲಿ ಡಾರ್ವಿನ್‌ಗೆ ಬಂದಿಳಿದರು. ಮುಂದಿನ ಐದಾರು ವರ್ಷದಲ್ಲಿ ಹಾಗೆ ಬಂದವರು ಎರಡು ಸಾವಿರದಷ್ಟು. ಆಗಲೂ ಜನ ಗೊಣಗಿದ್ದರು. ಆದರೆ ಮಾಲ್ಕಮ್ ಫ್ರೇಸರ್ ಸರ್ಕಾರ ಅವರಿಗೆ ನೆಲೆ ಕೊಟ್ಟಿತು, ಕ್ಯಾಂಪುಗಳಿಂದ ಹತ್ತಾರು ಸಾವಿರ ಜನರನ್ನ ವಿಮಾನದಲ್ಲಿ ಕರೆಸಿತು. 1977ರಲ್ಲಿ ದೋಣಿಯಲ್ಲಿ ಬಂದ ಹ್ಯೂ ವಾನ್ ಲೆ 2014ರಲ್ಲಿ ಸೌತ್ ಆಸ್ಟ್ರೇಲಿಯಾದ ಗವರ್ನರ್ ಆದರು. ಗಾಳಿ ತಿರುಗಿದ್ದು ಆಮೇಲೆ. 1992ರಲ್ಲಿ ಲೇಬರ್ ಪಕ್ಷದ ಸರ್ಕಾರವೇ ಕಡ್ಡಾಯ ಬಂಧನ ತಂದಿತು. 2001ರ ಆಗಸ್ಟ್‌ನಲ್ಲಿ ಟಾಂಪಾ ಅನ್ನೋ ನಾರ್ವೆ ಹಡಗು ಮುಳುಗುತ್ತಿದ್ದ 433 ಜನರನ್ನ ಎತ್ತಿಕೊಂಡು ಬಂದಾಗ ಹೊವಾರ್ಡ್ ಅವರನ್ನ ಇಳಿಸಿಕೊಳ್ಳಲಿಲ್ಲ, ಹಡಗಿಗೆ ಸೈನಿಕರನ್ನ ಕಳಿಸಿದರು. ನವೆಂಬರ್‌ನಲ್ಲಿ ಚುನಾವಣೆಯನ್ನೂ ಗೆದ್ದರು. ಅಲ್ಲಿಂದ ಈಚೆಗೆ ಎರಡೂ ದೊಡ್ಡ ಪಕ್ಷಗಳು ಈ ವಿಷಯದಲ್ಲಿ ಮೆತ್ತಗೆ ಕಾಣಿಸಿಕೊಳ್ಳೋಕೆ ಹೆದರುತ್ತವೆ.

ಜನ ಮಾತ್ರ ಗುರುತು ಸಿಕ್ಕ ಮನುಷ್ಯನ ವಿಷಯದಲ್ಲಿ ಬೇರೆ ಥರ ಇರ್ತಾರೆ. ಕ್ವೀನ್ಸ್‌ಲ್ಯಾಂಡಿನ ಬಿಲೋಯೆಲಾ ಅನ್ನೋ ಪುಟ್ಟ ಊರು ಇದಕ್ಕೆ ಸಾಕ್ಷಿ. 2018ರ ಮಾರ್ಚ್‌ನಲ್ಲಿ ಅಲ್ಲಿದ್ದ ಒಂದು ತಮಿಳು ಕುಟುಂಬವನ್ನ ಬೆಳಗಿನ ಜಾವ ಎಬ್ಬಿಸಿ ಕರೆದೊಯ್ದರು. ದೋಣಿ ಬೇಡ ಅನ್ನುವ ಪಕ್ಷಕ್ಕೇ ವೋಟು ಹಾಕುವ ಊರಿನವರು ನಾಲ್ಕು ವರ್ಷ ಹೋರಾಡಿ 2022ರಲ್ಲಿ ಆ ಕುಟುಂಬವನ್ನ ವಾಪಸ್ ಕರೆಸಿಕೊಂಡರು.

ನಮ್ಮ ತಂಬಿಯ ಅರ್ಜಿ ಗಡುವಿಗಿಂತ ಬಹಳ ಮುಂಚೆಯೇ ಹೋಯಿತು. ಸಂದರ್ಶನಕ್ಕೆ ಕರೆ ಬಂದಾಗ ಜೊತೆಗೆ ಹೋದೆ. ಒಳಗೆ ವಕೀಲೆ, ದುಭಾಷಿ, ಅಧಿಕಾರಿ, ಅವನು. ನಾನು ಹೊರಗೆ. ಬೆಳಿಗ್ಗೆ ಹೋದವನು ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಬಂದ. ತುಟಿ ಒಣಗಿತ್ತು. ನೀರು ಕುಡಿದು, "ನಕ್ಷೆ ಬಗ್ಗೆ ಕೇಳಿದರು ಅಕ್ಕಾ, ಮತ್ತೆ ಬರೆದು ತೋರಿಸಿದೆ," ಅಂದ. ತಿಂಗಳುಗಳಾದ ಮೇಲೆ ಐದು ವರ್ಷದ ವೀಸಾ ಸಿಕ್ಕಿತು. ಅದನ್ನ ಎಲ್ಲರೂ ಶೆವ್ ಅಂತಾರೆ. ಹಳ್ಳಿಗಾಡಿನ ಕಡೆ ಮೂರೂವರೆ ವರ್ಷ ದುಡಿದರೆ ಬೇರೆ ವೀಸಾಕ್ಕೆ ಅರ್ಜಿ ಹಾಕಬಹುದು ಅನ್ನೋದು ಆಗ ಅದರ ಆಸೆಯಾಗಿತ್ತು. ಅವನು ಶೆಪ್ಪರ್ಟನ್ ಕಡೆ ಹಣ್ಣಿನ ತೋಟಕ್ಕೆ ಹೋದ. ಪಿಯರ್, ಸೇಬು ಕೀಳುವ ಕೆಲಸ. ಕೂಲಿ ಪೆಟ್ಟಿಗೆ ಲೆಕ್ಕದಲ್ಲಿ.

2023ರ ಫೆಬ್ರುವರಿಯಲ್ಲಿ ಹೊಸ ಲೇಬರ್ ಸರ್ಕಾರ ಈ ತಾತ್ಕಾಲಿಕ ವೀಸಾಗಳಲ್ಲಿದ್ದ ಸುಮಾರು 19 ಸಾವಿರ ಮಂದಿಗೆ ಪಿಆರ್ ದಾರಿ ತೆರೆಯಿತು. ಅವನಿಗೂ ಸಿಕ್ಕಿತು. ಈಗ ಹೆಂಡತಿ, ಮಗಳನ್ನ ಕರೆಸುವ ಅರ್ಜಿ ಹಾಕಿದ್ದಾನೆ. ಅವನು ಹೊರಟಾಗ ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಈಗ ಹೈಸ್ಕೂಲು. ವೀಡಿಯೊ ಕಾಲ್‌ನಲ್ಲಿ ಬೆಳೆದ ಮಗಳು.

ಆದರೆ ಆ 30 ಸಾವಿರದಲ್ಲಿ ಸಾವಿರಾರು ಜನಕ್ಕೆ ಈ ದಾರಿ ಇಲ್ಲ. ಅವರ ಅರ್ಜಿಗಳು ತಿರಸ್ಕಾರವಾಗಿವೆ. ಮೇಲ್ಮನವಿಗೆ 2015ರಲ್ಲಿ ಒಂದು ಪ್ರತ್ಯೇಕ ವ್ಯವಸ್ಥೆ ಮಾಡಿದ್ದರು. ಸಾಮಾನ್ಯವಾಗಿ ಅಲ್ಲಿ ಅರ್ಜಿದಾರನನ್ನ ಕರೆಸಿ ಕೇಳುತ್ತಿರಲಿಲ್ಲ, ಕಡತ ಓದಿ ತೀರ್ಪು. ವಿವರಣೆ ಐದು ಪುಟ ಮೀರುವಂತಿಲ್ಲ. ಹೊಸ ವಿಷಯ ಹೇಳಬೇಕಾದರೆ ಅಸಾಧಾರಣ ಕಾರಣ ಬೇಕು. ಮೊದಲ ಸಲ ಹೆದರಿ ಬಾಯಿ ಮುಚ್ಚಿಕೊಂಡವನಿಗೆ ಅಲ್ಲಿ ಎರಡನೇ ಅವಕಾಶ ಸಿಗೋದು ಬಹಳ ಕಷ್ಟ ಇತ್ತು. ಆ ವ್ಯವಸ್ಥೆ ಸರಿಯಿಲ್ಲ ಅಂತ ಸರ್ಕಾರವೇ 2024ರಲ್ಲಿ ಅದನ್ನ ಮುಚ್ಚಿತು. ಅಲ್ಲಿ ಬಿದ್ದ ತೀರ್ಪುಗಳು ಮಾತ್ರ ಹಾಗೇ ಉಳಿದವು. 2024ರಲ್ಲಿ ಇಂಥವರು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ವಲಸೆ ನೋಡಿಕೊಳ್ಳುವ ಇಲಾಖೆಯ ಕಚೇರಿ ಎದುರು, ಚಳಿಗಾಲದಲ್ಲಿ, ಟೆಂಟು ಹಾಕಿ ಹಗಲೂ ರಾತ್ರಿ ಕೂತರು. ನಾನು ಸಂಜೆ ಕೆಲಸ ಮುಗಿಸಿ ಫ್ಲಾಸ್ಕಿನಲ್ಲಿ ಟೀ ತಗೊಂಡು ಹೋಗುತ್ತಿದ್ದೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಗಣಿತದ ಹೋಂವರ್ಕ್ ಮಾಡುತ್ತಿದ್ದಳು. ಬಂದಾಗ ಕೈಗೂಸು. ಅವಳ ಇಂಗ್ಲಿಷ್ ಪೂರ್ತಿ ಮೆಲ್ಬರ್ನ್‌ನದು.

ಈಗ ಇವರಿಗೆ ಉಳಿದಿರುವ ಒಂದು ದಾರಿ ಅಂದರೆ ಸಚಿವರು ತಮ್ಮ ವಿಶೇಷ ಅಧಿಕಾರ ಬಳಸೋದು. ಅದಕ್ಕೆ ಕಾಗದ ಬೇಕು. ಶಾಲೆಯ ಪತ್ರ, ಕೆಲಸ ಕೊಟ್ಟವರ ಪತ್ರ, ತೆರಿಗೆ ಕಟ್ಟಿದ ರಸೀತಿ, ಅಕ್ಕಪಕ್ಕದವರ ನಾಲ್ಕು ಮಾತು. ಶನಿವಾರಗಳಂದು ಈಗ ನಾನು ಮಾಡುತ್ತಿರೋದು ಇದನ್ನ ಜೋಡಿಸುವ ಕೆಲಸ. ಯುಗಾದಿಯ ಆ ಅಂಕಲ್ ಹತ್ತಿರವೂ ಕೇಳಿದೆ. ಅವರ ಬೀದಿಯಲ್ಲೇ ಇರುವ ಒಂದು ಕುಟುಂಬಕ್ಕೆ ಅವರು ಒಂದು ಪುಟದ ಪತ್ರ ಬರೆದುಕೊಟ್ಟಿದ್ದಾರೆ. ಇನ್ನೂ ಮೂರು ಮನೆಯವರಿಂದ ಬರಬೇಕು.